ನೀರಿನ ಜ್ವರ ನೋಡಿದವಳಿಗೆ

ಮಗಳು ಹಾಯಾತಿಗೆ,

ಕುವಾಲ ಬೆಂತಾಯ್‌ನಿಂದ ಮುದುಕ ದೆರಾಮನ್ ಮಾಡುವ ಸಲಾಮುಗಳು. ನನ್ನ ಹೆಸರು ನೋಡಿದ ಕೂಡಲೇ ಕಾಗದ ಹರಿದು ಎಸೆಯಬೇಕು ಅನ್ನಿಸಿದರೆ ಎಸೆದುಬಿಡು, ನನ್ನ ತಕರಾರಿಲ್ಲ. ಆದರೆ ಓದಿ ಎಸೆ. ನಾನು ಬರೆಯುವುದು ವರ್ಷಕ್ಕೊಂದು ಸಲ, ಅದೂ ಹಬ್ಬಕ್ಕೆ. ಅಕ್ಷರಗಳು ಏಡಿ ನಡೆದ ಹಾಗಿವೆ, ಸಹಿಸಿಕೋ.

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನೀನು ಪರಿಸರ ಇಲಾಖೆಯ ಜೀಪಿನಲ್ಲಿ ಬಂದಿದ್ದೆ. ವಿದ್ಯುತ್ ಕೇಂದ್ರದವರು ಯಂತ್ರ ತಣಿಸಲು ಕಡಲ ನೀರು ಎಳೆದು, ಕಾಯಿಸಿ, ಕಾಲುವೆಯಲ್ಲಿ ನಮ್ಮ ಅಳಿವೆಗೇ ವಾಪಸು ಬಿಡುತ್ತಿದ್ದರು. ಅದನ್ನು ಅಳೆಯಲು ನೀನು ಬಂದದ್ದು. ಉದ್ದ ದಾರಕ್ಕೆ ಗಾಜಿನ ಕಡ್ಡಿ ಕಟ್ಟಿ ಇಳಿಬಿಟ್ಟೆ, ಓದಿದೆ, ಬರೆದುಕೊಂಡೆ. ಚಹಾದಂಗಡಿಯಲ್ಲಿ ಮೂವತ್ತು ಜನ ಕೂತಿದ್ದೆವು. ನೀನು ನನ್ನನ್ನು ಸ್ವಂತ ಚಿಕ್ಕಪ್ಪನಂತೆ ಪಾಕ್ ಚಿಕ್ ಎಂದು ಕರೆದು, ಎಷ್ಟು ಸಮಾಧಾನದಿಂದ ಹೇಳಿದೆ! "ಪಾಕ್ ಚಿಕ್, ಅಂಗಡಿಯವ್ರು ಚಹಾನ ಮೇಲಿಂದ ಕೆಳಗೆ ಎಳೆದು ಎಳೆದು ಆರಿಸಲ್ವಾ? ಇವ್ರೂ ಹಾಗೇ ಮಾಡ್ಬೇಕು. ನೀರನ್ನ ಗೋಪುರದ ಮೇಲಿಂದ ಸುರಿಸಿ ಗಾಳಿಗೆ ತಣಿಸ್ಬೇಕು, ಇಲ್ಲಾಂದ್ರೆ ದೊಡ್ಡ ಕೊಳದಲ್ಲಿ ನಾಲ್ಕು ದಿನ ನಿಲ್ಲಿಸ್ಬೇಕು. ಆಮೇಲೆ ಕಡಲಿಗೆ ಬಿಡ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಉಸಿರು ಕಮ್ಮಿ."

ನಾನೇನಂದೆ? "ನೀರಿಗೆ ಜ್ವರ ಬಂದಿದ್ರೆ ಒಂದು ಮಾತ್ರೆ ಕೊಟ್ಟು ಹೋಗವ್ವಾ ಡಾಕ್ಟ್ರೇ!" ಇಡೀ ಅಂಗಡಿ ನಕ್ಕಿತು. ನಿನ್ನ ಕಿವಿ ಕೆಂಪಾದದ್ದು ನನಗೆ ಕಂಡಿತ್ತು. ಕಂಡೂ ನಕ್ಕೆ. ಥೂ, ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನನ್ನ ಕಸುಬು ನಿನಗೆ ಗೊತ್ತು. ದೋಣಿಯ ಅಂಚು ಹಿಡಿದು ನೀರಿಗಿಳಿದು, ತಲೆ ಮುಳುಗಿಸಿ ಮೀನಿನ ಸದ್ದು ಕೇಳುವವನು. ಗೆಲಮ ಮೀನು ಗೊರಗುಟ್ಟುತ್ತದೆ. ಎಷ್ಟಿದೆ, ಯಾವ ಕಡೆ ಹೊರಟಿದೆ ಎಂದು ಹೇಳುತ್ತೇನೆ, ಬಲೆ ಬೀಳುತ್ತದೆ. ಕೇಳುಗ ತಲೆ ಎತ್ತಿ ಹೇಳಿದ ಮೇಲೆ ಎರಡನೆಯ ಸಲ ಮುಳುಗಿ ಕೇಳು ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ನಲವತ್ತೊಂದು ವರ್ಷ ನನಗೆ ಯಾರೂ ಹಾಗೆ ಹೇಳಿಲ್ಲ. ಸೊಕ್ಕು ಬರಲು ಇನ್ನೇನು ಬೇಕು?

ಮಾರನೆಯ ದಿನ ವಿಚಾರಣೆಗೆ ಬಂದ ಅಧಿಕಾರಿಗಳನ್ನೆಲ್ಲ ದೋಣಿಯಲ್ಲಿ ಕೂರಿಸಿಕೊಂಡು ಕಾಲುವೆಯ ಬಾಯಿಗೆ ಹೋದೆ. ಡಿಸೆಂಬರ್ ಎಂದರೆ ನಮ್ಮ ಕರಾವಳಿಗೆ ಮಳೆಗಾಲ, ಕಡಲು ತಣ್ಣಗೆ ಕೊರೆಯುತ್ತಿತ್ತು. ಅಲ್ಲಿ ತಲೆ ಮುಳುಗಿಸಿದರೆ, ಅಬ್ಬಾ, ಸಂತೆ ಸೇರಿದಂತೆ ಗೆಲಮ! "ತುಂಬಿದೆ. ಈ ನೀರು ಮೀನಿಗೆ ಒಳ್ಳೇದೇ," ಎಂದೆ. ನೀನೊಬ್ಬಳೇ ಬೇಡಿಕೊಂಡೆ, "ಪಾಕ್ ಚಿಕ್, ಚಳಿಗೆ ಬೆಚ್ಚಗಿರೋಕೆ ಬಂದಿವೆ ಅವು. ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕೇಳಿ, ದಮ್ಮಯ್ಯ." ಎರಡನೆಯ ಸಲ! ನನಗೆ ಮೈಯೆಲ್ಲ ಉರಿಯಿತು. "ನಾನು ಕೇಳಿದ್ದು ಕೇಳಿದ್ದೇ," ಎಂದುಬಿಟ್ಟೆ. ಕೇಳುಗನ ಮಾತು ಆ ಹೊತ್ತಿನ ಬಲೆಗೆ ಮಾತ್ರ, ಮಗಳೇ. ಅದನ್ನು ನಾನು ಇಡೀ ವರ್ಷಕ್ಕೆ ಕೊಟ್ಟೆ. ಗೋಪುರವೂ ಬೇಡ, ಕೊಳವೂ ಬೇಡ ಎಂದು ತೀರ್ಮಾನವಾಯಿತು.

ನನ್ನ ಅಳಿಯ ಜೈಲಾನಿ ಆ ಮಾತು ನಂಬಿ ಕಳೆದ ವರ್ಷದ ಕೊನೆಯಲ್ಲಿ ಕಾಲುವೆಯ ಬಾಯಲ್ಲೇ ಬಲೆಯ ಗೂಡು ಕಟ್ಟಿ ಸಿಯಾಕಾಪ್ ಮೀನು ಸಾಕಿದ. ಮೊದಲ ತಿಂಗಳುಗಳಲ್ಲಿ ಅವು ಬೆಳೆದದ್ದೇ ಬೆಳೆದದ್ದು. ಬೆಚ್ಚಗಿನ ನೀರು, ಹಸಿವು ಜಾಸ್ತಿ. ನಾನು ಊರೆಲ್ಲ ಮೆರೆದೆ. ಈ ಏಪ್ರಿಲ್‌ನಲ್ಲಿ ಕಡಲೇ ಕಾದಿತ್ತು, ಅದರ ಮೇಲೆ ಇವರ ಬಿಸಿನೀರು. ಒಂದು ಮಧ್ಯಾಹ್ನ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿಗೆ ಒದ್ದಾಡಿದವು. ಸಂಜೆಯ ನಮಾಜಿಗೆ ಮುಂಚೆ ಎಂಟೂ ಗೂಡುಗಳಲ್ಲಿ ಬಿಳಿ ಹೊಟ್ಟೆಗಳು. ಜೈಲಾನಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸತ್ತ ಮೀನು ಬುಟ್ಟಿಗೆ ತುಂಬುತ್ತಾ ಇಷ್ಟೇ ಕೇಳಿದ: "ಮಾವ, ಒಂದ್ಸಲ ನೀರಿಗಿಳಿದು ಕೇಳ್ತೀರಾ? ನಂಗೆ ಗೊತ್ತಾಗ್ಬೇಕು." ಎರಡನೆಯ ಸಲ ಕೇಳು ಎಂದವನು ನನ್ನ ಮನೆಯ ಹುಡುಗನೇ. ಇಳಿದೆ. ತೊಡೆ ಸುಡುವಷ್ಟು ಬಿಸಿ. ತಲೆ ಮುಳುಗಿಸಿದೆ. ಕೇಂದ್ರದ ಯಂತ್ರದ ಗುಂಯ್ ಬಿಟ್ಟರೆ ಒಂದು ಮೀನಿನ ಉಸಿರಿಲ್ಲ. ನೀರೊಳಗೇ ಅತ್ತೆ. ಮೇಲೆ ಬಂದು ಅವನ ಮುಖ ನೋಡಲಾಗದೆ, "ಇಲ್ಲ," ಎಂದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಕೇಂದ್ರಕ್ಕೆ ಇನ್ನೊಂದು ಯಂತ್ರ ಬರುತ್ತದಂತೆ, ಕಾಲುವೆಯ ನೀರು ಇಮ್ಮಡಿಯಾಗುತ್ತದಂತೆ. ಮುಂದಿನ ತಿಂಗಳು ಹನ್ನೆರಡಕ್ಕೆ ವಿಚಾರಣೆ. ಅವರ ಅರ್ಜಿಯಲ್ಲಿ ಮೊದಲು ತೋರಿಸಿರುವ ಸಾಕ್ಷಿಯೇ ನನ್ನ ಡಿಸೆಂಬರಿನ ಮಾತು.

ಕಳೆದ ಶುಕ್ರವಾರ ನಮಾಜು ಮುಗಿದ ಮೇಲೆ ಅದೇ ಚಹಾದಂಗಡಿಯಲ್ಲಿ ಎದ್ದು ನಿಂತು, ನಾನು ಹೇಳಿದ್ದು ತಪ್ಪು, ಆ ಹುಡುಗಿ ಹೇಳಿದ್ದೇ ಸರಿ ಎಂದೆ. ಈ ಸಲ ಯಾರೂ ನಗಲಿಲ್ಲ. ದೋಣಿಯ ಯಜಮಾನ ಲೆಬಾಯ್ ಲೋಟ ಕುಕ್ಕಿ ಎದ್ದ. "ಸುಮ್ನೆ ಕೂತ್ಕೊಳ್ಳೋ ದೆರಾಮನ್! ಕೇಳುಗನ ಮಾತೇ ಸುಳ್ಳು ಅಂತಾದ್ರೆ ನಾಳೆ ಕಚೇರೀಲಿ ನಮ್ಮನ್ಯಾರು ಮೂಸಿ ನೋಡ್ತಾರೆ?" ಅವನದೂ ನಿಜವೇ. ಮಾತು ಹಿಂದಕ್ಕೆ ಪಡೆದ ಕೇಳುಗ ದೋಣಿ ಬಿಡಬೇಕು, ಅದು ನಮ್ಮ ಕಟ್ಟಳೆ. ಬಿಟ್ಟಿದ್ದೇನೆ. ಬೆಳಗ್ಗೆ ದೋಣಿಗಳು ಹೊರಡುವ ಸದ್ದಿಗೆ ಎಚ್ಚರವಾಗಿ, ಮಗ್ಗುಲು ಬದಲಿಸಿ ಮಲಗುತ್ತೇನೆ. ನಿದ್ದೆ ಬರುವುದಿಲ್ಲ ಅನ್ನು.

ಹನ್ನೆರಡಕ್ಕೆ ನೀನು ಬರಬೇಕು. ಆ ವಿಚಾರಣೆಯ ಮೇಲೆ ನಿನ್ನನ್ನು ದೂರದ ಕಚೇರಿಗೆ ಕಳಿಸಿದರೆಂದು ಕೇಳಿದೆ. ರಜೆ ಹಾಕಿಯಾದರೂ ಬಾ. ತಣಿಸದ ಒಂದು ಹನಿಯೂ ಅಳಿವೆಗೆ ಬೀಳಬಾರದು ಎಂದು ನಾನು ಹೇಳುತ್ತೇನೆ, ಎಷ್ಟು ಬಿಸಿ ಎಂಬುದನ್ನು ನೀನು ಹೇಳು. ಇನ್ನೂ ಒಂದು ಮಾತಿದೆ. ನಿನ್ನ ಹಳೆಯ ವರದಿಯನ್ನು ಜೈಲಾನಿ ಓದಿ ಹೇಳಿದ. ನೀನು ನನ್ನ ಮಾನ ಉಳಿಸಲು ಹೆಸರು ಹಾಕಿಲ್ಲ. "ಸ್ಥಳೀಯ ಮೀನುಗಾರರ ಪ್ರಕಾರ" ಎಂದಷ್ಟೇ ಬರೆದಿದ್ದೀಯ. ಅಷ್ಟು ಅವಮಾನ ಮಾಡಿದವನಿಗೆ ಅಷ್ಟು ದಯೆ ಯಾಕಮ್ಮಾ? ಈ ಸಲ ಹಾಗೆ ಬರೆಯಬೇಡ. ದೆರಾಮನ್ ಬಿನ್ ಅವಾಂಗ್ ಎಂಬ ಕೇಳುಗ ತಪ್ಪು ಹೇಳಿದ ಎಂದು ಪೂರ್ತಿ ಹೆಸರು ಹಾಕಿ ಬರೆ. ಸ್ಥಳೀಯರು ಎಂದರೆ ಅದರಲ್ಲಿ ಜೈಲಾನಿಯೂ ಸೇರುತ್ತಾನೆ. ಅವನು ಏನೂ ಹೇಳಿರಲಿಲ್ಲ, ನನ್ನನ್ನು ನಂಬಿದ್ದ, ಅಷ್ಟೇ.

ದೇವರು ನಿನ್ನ ಹೊಟ್ಟೆ ತಣ್ಣಗಿಡಲಿ, ಮಗಳೇ.

ನಿನ್ನ ಕ್ಷಮೆ ಕೇಳುತ್ತಾ,
ದೆರಾಮನ್ ಬಿನ್ ಅವಾಂಗ್