ನೀರು ನೋಡುವ ಕೆಲಸ

ಸೆಪ್ಟೆಂಬರ್ 9, ಬೆಳಿಗ್ಗೆ 5.10
ಮೇಣದಬತ್ತಿ ಮುಂದೆ ಹನ್ನೊಂದು ನಿಮಿಷ. ಕಣ್ಣು ಮುಚ್ಚಿದರೂ ಜ್ವಾಲೆ ಅಲ್ಲೇ ನಿಂತಿತ್ತು! ಲಂಡನ್ನಿನವರ ಆನ್‌ಲೈನ್ ಮಾಂತ್ರಿಕ ಕೋರ್ಸ್, ಮೂರನೇ ಪಾಠ: ಬೇಕಾದ್ದನ್ನು ಮನಸ್ಸಿನಲ್ಲಿ ಕಟ್ಟು, ಅದು ಹೊರಗೆ ಬರುತ್ತದೆ. ದಿನಚರಿ ಕಡ್ಡಾಯ. ದಿಕ್ಕಿಗೊಂದು ತತ್ವವಂತೆ, ಪಶ್ಚಿಮಕ್ಕೆ ನೀರು. ಕಡಲ ದಂಡೆಯ ತೆಂಗಿನಗುಂಡಿಯವಳಿಗೆ ಇದನ್ನು ಇಂಗ್ಲೆಂಡಿನವರು ಹೇಳಬೇಕಾ!

ನನಗೆ ಬೇಕಾದ್ದು ಒಂದೇ — ಅಪ್ಪನ ಜಾಗ. ಮೂವತ್ತು ವರ್ಷ ದಿಬ್ಬದ ಮೇಲೆ ಕೂತು ದಡದಿಂದ ಎಳೆಯುವ ರಂಪಣಿ ಬಲೆಯವರಿಗೆ ಮೀನಿನ ಹಿಂಡು ತೋರಿಸಿದವನು. ಈಗ ಎರಡೂ ಕಣ್ಣಿಗೆ ಪೊರೆ. "ಹೆಂಗ್ಸಿಗೆ ಎಂತ ಕಾಣ್ತದೆ?" ಅಂದ ಬಲೆಯ ಯಜಮಾನ ಶುಕ್ರಣ್ಣ. ಆದರೂ ಒಂದು ವಾರ ನೋಡೋಣ ಅಂತ ಒಪ್ಪಿದ. ಅಪ್ಪ ತನ್ನ ಕೆಂಪು ಟವೆಲ್ ಕೊಟ್ಟ. ಹಿಂಡು ಕಂಡರೆ ಬೀಸಬೇಕು.

ಸೆಪ್ಟೆಂಬರ್ 11
ಬೀಸಿದೆ! ಬಂಗಡೆ ಹಿಂಡು — ಕಣ್ಣಾರೆ ಕಂಡೆ, ಮನಸ್ಸಿನಲ್ಲಿ ಕಟ್ಟಿದ ಹಾಗೇ. ದೋಣಿ ಹೋಯಿತು, ಬಲೆ ಸುತ್ತಿತು, ಇಪ್ಪತ್ತು ಜನ ಎಳೆದರು.
ಪಾಚಿ. ನಾಲ್ಕು ಏಡಿ.
"ಇನ್ನೊಂದ್ ಸಲ ಹಿಂಗಾದ್ರೆ ಟವೆಲ್ ವಾಪಸ್ ಕೊಡು ಸುಚಿತಾ" ಅಂದ ಶುಕ್ರಣ್ಣ. ಬೈದಿದ್ದರೇ ಚೆನ್ನಾಗಿತ್ತು. ನಾಚಿಕೆಗೆ ಊಟ ಸೇರಲಿಲ್ಲ.

ಸೆಪ್ಟೆಂಬರ್ 15
ಬರೆಯಲು ಮುಖವಿರಲಿಲ್ಲ. ಗೆಳತಿ ರೇಖಾ ಬಂದಿದ್ದಳು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಲಾಮಾ ಒಬ್ಬರ ಹತ್ತಿರ ಧ್ಯಾನ ಕಲಿತವಳು. ನನ್ನ ಕಥೆ ಕೇಳಿ ನಕ್ಕಳು.
"ನಿನ್ ಕೋರ್ಸು ಬೇಕಾದ್ದನ್ನ ಕಟ್ಟು ಅಂತದೆ. ನಮ್ ಲಾಮಾ ಇದ್ದದ್ದನ್ನ ನೋಡು ಅಂತಾರೆ. ಉಸಿರು ಬಂತಾ, ಬಂತು. ಹೋಯ್ತಾ, ಹೋಯ್ತು. ಆತು."
ಇಷ್ಟೇನಾ? ಕೋರ್ಸಿನ ಹಾಗೆ ರಹಸ್ಯ ಹೆಸರೂ ಇಲ್ಲ, ಪದವಿಯೂ ಇಲ್ಲ! ಅವರು ನನಗೆ ಕೊಟ್ಟ ಹೆಸರು ಎಷ್ಟು ಚೆಂದ ಇತ್ತು... ಹಾಗಂತ ಮೇಣದಬತ್ತಿ ದಂಡವಲ್ಲ. ಅಲುಗದೆ ಕೂರಲು ಕಲಿಸಿದ್ದು ಅದೇ.

ಅಪ್ಪನಿಗೆ ಎಲ್ಲ ಹೇಳಿದೆ.
"ನೀ ಮೀನ್ ಬೇಕು ಅಂತ್ಹೇಳಿ ನೋಡ್ದೆ, ಅದ್ಕೇ ಮೀನ್ ಕಂಡ್ತು. ನೀರ್ ನೋಡು ಮಗಾ. ಹಿಂಡು ಬಂದ್ರೆ ನೀರೇ ಕೆಂಪಗಾಗ್ತದೆ."
ಅಯ್ಯೋ! ಮೊದಲೇ ಹೇಳಬಾರದಿತ್ತಾ?
"ನೀ ಕೇಳ್ಲಿಲ್ಲ."
ಲಾಮಾ ಮುಂಡಗೋಡದಲ್ಲೂ ಇದ್ದಾರೆ, ನಮ್ಮ ಜಗಲಿ ಮೇಲೂ ಒಬ್ಬ ಬೀಡಿ ಸೇದುತ್ತಿದ್ದಾನೆ! ಕುಣಿಯುವಷ್ಟು ಖುಷಿ.

ಸೆಪ್ಟೆಂಬರ್ 16, ಬೆಳಿಗ್ಗೆ 6.20, ದಿಬ್ಬದ ಮೇಲೆ
ಪರೀಕ್ಷೆಯ ವಾರದ ಕೊನೇ ದಿನ. ಕೆಳಗೆ ಶುಕ್ರಣ್ಣನ ಜನ ದೋಣಿಗೆ ಒರಗಿ ಕಾಯುತ್ತಿದ್ದಾರೆ. ಉಸಿರು ಬಂತು. ಹೋಯಿತು. ಎರಡು ಸಲ ಮೀನು ಕಂಡ ಹಾಗಾಯಿತು. ಬೇಕು ಅನ್ನುವುದು ಬಂತು, ನೋಡಿದೆ, ಹೋಯಿತು. ಬೀಸಲಿಲ್ಲ!
6.45. ನೀರು. ಬರೀ ನೀರು. ಆದರೂ ಎಷ್ಟು ಚೆಂದ.
6.52. ತೆಂಕು ಕಡೆ ಬಣ್ಣ ಬೇರೆ. ನಾನು ಕಟ್ಟಿದ್ದಲ್ಲ. ಕಣ್ಣು ಮುಚ್ಚಿ ತೆರೆದೆ — ಇದೆ. ಕೆಂಪಗೆ. ಸರಿಯುತ್ತಿದೆ! ಟವೆಲ್ ಎಲ್ಲಿ... ಥೂ, ಅದರ ಮೇಲೇ ಕೂತಿ—