ಚುಕ್ಕವ್ವನನ್ನು ಬರೆದವಳಿಗೆ

ಹೊಸಪೇಟೆ
ಶ್ರಾವಣ ಸೋಮವಾರ, ೧೭-೮-೨೦೦೯

ಚಿರಂಜೀವಿ ಕಾವ್ಯಳಿಗೆ,

ನಿನ್ನ ಅತ್ತೆ ಕೊಟ್ರಬಸಮ್ಮ ಮನಸಾರೆ ಮಾಡುವ ಆಶೀರ್ವಾದ. ಮೊದಲು ಚಿ. ಸೌ. ಎಂದು ಬರೆಯಲು ಹೋದೆ, ಪೆನ್ನು ತಡೆಯಿತು. ಮದುವೆ ಮುರಿದ ಮೇಲೆ ಹಾಗೆ ಬರೆಯಬಹುದೋ ಇಲ್ಲವೋ ನನಗೆ ತಿಳಿಯದು. ಚಿರಂಜೀವಿ ಎಂಬುದನ್ನಂತೂ ಯಾವ ಕೋರ್ಟೂ ಕಿತ್ತುಕೊಳ್ಳಲಾರದು. ಅದನ್ನೇ ಉಳಿಸಿಕೊಂಡೆ.

ಯುಗಾದಿಗೆ ನೀನು ಮೈಸೂರಿನಿಂದ ಕಳಿಸಿದ ಕಾರ್ಡು ತಲುಪಿತ್ತು. ಬೇವಿನ ಟೊಂಗೆಯ ಚಿತ್ರ, ಕೆಳಗೆ ‘ಹೇಗಿದ್ದೀರಿ?’ ಎಂಬ ಒಂದೇ ಸಾಲು. ಅಷ್ಟಕ್ಕೆ ಉತ್ತರ ಕೊಡಲು ನನಗೆ ಶ್ರಾವಣದ ತನಕ ಬೇಕಾಯಿತು. ಸಿಟ್ಟಾಗಬೇಡ. ನಿನ್ನ ಕಥೆಯನ್ನು ಪೂರ್ತಿ ಓದಿಯೇ ಬರೆಯಬೇಕೆಂದು ಹಟ ಹಿಡಿದಿದ್ದೆ. ಹೌದು, ಆ ಕಥೆಯನ್ನೇ. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆಯಾ?

ನಾವೆಲ್ಲ ಆರಾಮ ಇದ್ದೇವೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಹೋದ ವರ್ಷದ ಕೊನೆಗೆ ಅದಿರಿನ ರೇಟು ಬಿದ್ದಾಗ ವೀರೇಶನ ಲಾರಿಗಳು ಗಾದಿಗನೂರಿನ ಹತ್ತಿರ ಸಾಲಾಗಿ ನಿಂತುಬಿಟ್ಟಿದ್ದವು. ಈಗ ಮತ್ತೆ ಓಡುತ್ತಿವೆ. ಒಣಹಾಕಿದ ಬಿಳಿ ಬಟ್ಟೆ ಅದಿರಿನ ಧೂಳಿಗೆ ಮಧ್ಯಾಹ್ನದೊಳಗೆ ಕೆಂಪಗಾಗುವುದು ಹಾಗೆಯೇ ಇದೆ. ನಿನ್ನ ಬಣ್ಣದ ಡಬ್ಬಿಗಳಿದ್ದ ಕಿಟಕಿಯ ಗೂಡನ್ನು ನಾನು ದಿನಾ ಒರೆಸುತ್ತೇನೆ. ಈಗ ಅಲ್ಲಿ ಏನೂ ಇಲ್ಲ, ಆದರೂ ಒರೆಸುತ್ತೇನೆ.

ನಿನ್ನ ಕಥೆ ನನಗೆ ಸಿಕ್ಕಿದ್ದು ಪಂಪಾವತಿಯಿಂದ. ಹೋದ ವರ್ಷ ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಬಂದವಳು, ದೋಣಿಮಲೈ ಶಾಲೆಯಲ್ಲಿ ವಿಜ್ಞಾನದ ಟೀಚರು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡಿದ್ದಾಳೆ. ಯುಗಾದಿ ಆದ ಮೇಲೆ ಒಂದು ಸಂಜೆ ಮೆಟ್ಟಿಲು ದಡದಡ ಇಳಿದು ಬಂದಳು.

“ಅಮ್ಮಾರ, ಜಲ್ದಿ ಮ್ಯಾಲ ಬರ್ರಿ. ನಿಮ್ಮನ್ನ ಯಾರೋ ಕಂಪ್ಯೂಟರ್‌ನ್ಯಾಗ ಬರದಾರ!”

“ನನ್ನನ್ನ ಯಾರವ್ವ ಬರೀತಾರ? ರೇಷನ್ ಕಾರ್ಡಿನ್ಯಾಗ ಹೆಸರು ಬರಿಯಾಕ ಆರು ತಿಂಗಳ ತಿರುಗಿಸ್ಯಾರ,” ಎಂದು ನಗುತ್ತಲೇ ಹೋದೆ. ಹೋಗಿ ನೋಡಿದರೆ ನಾನೇ! ಸೊಂಟದಲ್ಲಿ ಕೀಲಿಗೊಂಚಲು, ಎಡಗಲ್ಲದ ಮೇಲೆ ಹುಣಸೆಬೀಜದಷ್ಟು ಮಚ್ಚೆ, ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರನನ್ನು ಗದರುವ ಬಾಯಿ. ಹೆಸರು ಮಾತ್ರ ಹಾಲವ್ವ. ಮಚ್ಚೆಯನ್ನು ಸ್ವಲ್ಪ ಸಣ್ಣದು ಮಾಡಬಹುದಿತ್ತು ಕಣವ್ವ.

ನೀನು ಇಂಟರ್ನೆಟ್ಟಿನಲ್ಲಿ ವಾರಕ್ಕೊಂದು ಕಂತಿನಂತೆ ಹಾಕಿದ ಚಿತ್ರಕಥೆಗಾಗಿ ಅಂದಿನಿಂದ ದಿನಾ ಸಂಜೆ ಮಹಡಿ ಹತ್ತಿದೆ. ಅಕ್ಷರ ಸಣ್ಣವಿದ್ದರೆ ಪಂಪಾವತಿ ಓದುತ್ತಿದ್ದಳು, ಚಿತ್ರ ನಾನು ನೋಡುತ್ತಿದ್ದೆ. ಬೇರೆ ಲೋಕದಿಂದ ಬಂದವರು ನಮ್ಮ ಹೊಸಪೇಟೆಯಲ್ಲೇ ಬಾಡಿಗೆ ಮನೆ ಹಿಡಿದು ಬದುಕುವುದು! ಸ್ಟೇಷನ್ ಮುಂದೆ ಮಿರ್ಚಿ ಕರಿಯುವವನು ಕುದಿಯುವ ಎಣ್ಣೆಗೆ ಬರಿಗೈ ಹಾಕುತ್ತಾನೆ. ಕಂಪ್ಲಿ ಬಸ್ಸಿನ ಕಂಡಕ್ಟರನಿಗೆ ಬೆನ್ನಿನ ಮೇಲೂ ಎರಡು ಕಣ್ಣು. ಹಂಪಿಯ ಬಂಡೆಗಳ ನಡುವೆ ಅವರ ಸಭೆ ಕೂಡುತ್ತದೆ, ಪ್ರವಾಸಿಗರು ಫೋಟೋ ಹೊಡೆದರೆ ಬರೀ ಬಂಡೆಗಳು ಬರುತ್ತವೆ. ಒಂದು ವಾರ ಪತ್ತೇದಾರಿ, ಮರುವಾರ ನಗೆ, ಇನ್ನೊಂದು ವಾರ ಮೈಯೆಲ್ಲ ಜುಮ್ಮೆನ್ನುವ ದೆವ್ವದ ಕಥೆ.

“ಇದು ಯಾವ ಜಾತಿ ಕಥಿ ಅಂತೀ?” ಎಂದು ಪಂಪಾವತಿಯನ್ನು ಕೇಳಿದೆ.

“ಎಲ್ಲಾ ಜಾತೀವು ಒಂದೇ ಪಂಕ್ತಿಗೆ ಕುಂತಾವ್ರಿ,” ಎಂದಳು.

ನನ್ನ ಪ್ರಾಣ ಮಾತ್ರ ಆ ಚುಕ್ಕವ್ವನ ಮೇಲೆ. ಮನುಷ್ಯರ ಮನೆಗೆ ಸೊಸೆಯಾಗಿ ಬಂದ ಹುಡುಗಿ. ಅವಳು ಹೊರಲೋಕದವಳೆಂದು ಗಂಡನಿಗೂ ಗೊತ್ತಿಲ್ಲ, ಅತ್ತೆ ಹಾಲವ್ವನಿಗೆ ಗೊತ್ತು. ತನ್ನ ಲೋಕ ನೆನಪಾದಾಗಲೆಲ್ಲ ಚುಕ್ಕವ್ವನ ಕುತ್ತಿಗೆಯ ಹಿಂದೆ ನೀಲಿ ಬೆಳಕು ಹತ್ತಿಕೊಳ್ಳುತ್ತದೆ. ಪಕ್ಕದ ಮನೆಯ ಎರ್ರಮ್ಮ ಇಣುಕಿ ನೋಡಿದರೆ ಹಾಲವ್ವ ತನ್ನ ಸೆರಗನ್ನೇ ಅವಳ ಮೇಲೆ ಹೊದಿಸಿ, “ಏನಿಲ್ಲಬೇ, ನಮ್ಮ ಸೊಸಿ ನಿನ್ನೆ ಮಿಣುಕುಹುಳ ನುಂಗ್ಯಾಳ,” ಅನ್ನುತ್ತಾಳೆ. ಪಂಪಾವತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನೀನು ಹಿತ್ತಲಲ್ಲಿ ಕುಳಿತು ಅಳುವಾಗ ನಾನು ಓಣಿಯವರಿಗೆ, “ನಮ್ಮ ಕಾವ್ಯ ಉಳ್ಳಾಗಡ್ಡಿ ಹೆಚ್ಚಾಕತ್ತಾಳ್ರಿ,” ಎನ್ನುತ್ತಿದ್ದೆನಲ್ಲ, ಅದು ನಿನಗೆ ಕೇಳಿಸುತ್ತಿತ್ತೇ? ಅಲ್ಲೇ ಕೂತು ಅದನ್ನೂ ಎತ್ತಿಟ್ಟುಕೊಂಡೆಯಾ?

ಶಾಂಭವಿಯ ವಿಷಯ ಹೇಳಲೇಬೇಕು. ವೀರೇಶ ಮತ್ತೆ ಮದುವೆಯಾದದ್ದು ನಿನಗೆ ಗೊತ್ತೇ ಇದೆ. ಹುಡುಗಿ ಒಳ್ಳೆಯವಳು, ಅದನ್ನು ಮುಚ್ಚಿಟ್ಟು ನಿನ್ನನ್ನು ಮೆಚ್ಚಿಸಲಾರೆ. ಅವಳಿಗೆ ತಿಳಿಯದ ಹಾಗೆ ನಾನು ಮಹಡಿಗೆ ಹೋಗುತ್ತಿದ್ದೆ. ‘ಪಂಪಾವತಿಗೆ ತಲೆನೋವಂತೆ’, ‘ಪಂಪಾವತಿಗೆ ಉಪ್ಪಿನಕಾಯಿ ಬೇಕಂತೆ’ ಎಂದು ದಿನಕ್ಕೊಂದು ನೆಪ. ಒಂದು ದಿನ ಚುಕ್ಕವ್ವ ಆ ಕಂಡಕ್ಟರನ ಬೆನ್ನು ಹತ್ತಿ ಪತ್ತೆ ಮಾಡುವ ಕಂತು ನೋಡುತ್ತಿದ್ದೆವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಿರುಗಿದರೆ ಬಾಗಿಲಲ್ಲಿ ಶಾಂಭವಿ, ಏದುಸಿರು ಬಿಡುತ್ತ ನಿಂತಿದ್ದಾಳೆ.

“ಅತ್ತಿ, ಅಕೀನ ಏನ್ರಿ ಇದನ್ನ ಬರದಾಕಿ?”

“ಹೂಂನವ್ವ. ನೀ ಬ್ಯಾಡ ಅಂದ್ರ ನಾ ಇನ್ನ ನೋಡೂದಿಲ್ಲ.”

“ನಾ ಯಾಕ ಬ್ಯಾಡ ಅನ್ಲಿ? ಟೀಚರ, ಮುಂದಿಂದು ಹಾಕ್ರಿ. ಆ ಕಂಡಕ್ಟರ್ ಸಿಕ್ಕಬಿದ್ನೋ ಇಲ್ಲೋ?”

ಮೂವರೂ ಕೂತು ಕಂತು ಮುಗಿಸಿದೆವು. ಕೆಳಗೆ ಬರುವಾಗ ಅವಳು ನನ್ನ ಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ನಡುವೆ ನಿಂತಳು.

“ಅಕಿ ಹೋದಾಗ ನಿಮ್ಮನ್ನ ಯಾರೂ ಏನೂ ಕೇಳ್ಲಿಲ್ಲೇನ್ರಿ?”

“ಏನು ಕೇಳಬೇಕಿತ್ತವ್ವ?”

“ನಿಮಗ ಹೆಂಗ ಆತು ಅಂತ.”

ಅವಳನ್ನೂ ಕೂರಿಸಿ ನಾನೂ ಮೆಟ್ಟಿಲ ಮೇಲೆ ಕೂತೆ ಕಾವ್ಯ. ನಮ್ಮ ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ವೀರೇಶ ಲಾರಿಗಳ ಹಿಂದೆ ಓಡಿದ, ನೀನು ನಿನ್ನ ಹಾಳೆಗಳ ಒಳಗೆ ಹೋದೆ. ಒಂದೇ ಮನೆಯಲ್ಲಿದ್ದೂ ನೀವಿಬ್ಬರು ಎದುರು ಬದುರಾಗುತ್ತಿರಲಿಲ್ಲ. ಕೋರ್ಟಿನಲ್ಲಿ ಅವನಿಗೆ ಒಪ್ಪಿಗೆಯೇ ಎಂದು ಕೇಳಿದರು, ನಿನಗೆ ಒಪ್ಪಿಗೆಯೇ ಎಂದು ಕೇಳಿದರು. ನಿಮ್ಮ ಪಾಡಿಗೆ ನೀವು ಬಿಡುಗಡೆಯಾದಿರಿ. ನನ್ನನ್ನು ನಿನ್ನಿಂದ ಬಿಡಿಸಿದ್ದು ಯಾರು? ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲವಲ್ಲ. ಇಷ್ಟು ದಿನ ಇದನ್ನು ಯಾರಿಗೆ ಹೇಳಬೇಕೋ ತಿಳಿದಿರಲಿಲ್ಲ. ಕಡೆಗೆ ಕೇಳಿದವಳು ನಿನ್ನ ಜಾಗಕ್ಕೆ ಬಂದವಳೇ. ಅವಳ ಮುಂದೆ ನಾನು ಅತ್ತುಬಿಟ್ಟೆ. ಅವಳು ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

ಜೂನಿನಲ್ಲಿ ಪಂಪಾವತಿಯ ಜೊತೆ ಸಂಡೂರಿಗೆ ಹೋಗಿ ಬಂದೆ. ನಿನ್ನ ಕಥೆಯಲ್ಲಿ ಅವರ ಹಡಗು ಹುಗಿದುಕೊಂಡಿರುವ ಗುಡ್ಡ ನೋಡಬೇಕಿತ್ತು. ಮಲಗಿದ ಎಮ್ಮೆಯ ಬೆನ್ನಿನಂಥ ಆ ಗುಡ್ಡ, ನಾವಿಬ್ಬರೂ ಕುಮಾರಸ್ವಾಮಿ ಗುಡಿಗೆ ಹೋದಾಗ ನೀನು ಬಸ್ಸಿನ ಕಿಟಕಿಯಿಂದ ನೋಡಿ ಚಿತ್ರ ಬರೆದುಕೊಂಡದ್ದು. ನೀನು ಬರೆಯುವಾಗ ಬಸ್ಸು ಕುಲುಕಿ ಗೆರೆ ಸೊಟ್ಟಗಾಗುತ್ತಿತ್ತು, “ಇರ್ಲಿ ಬಿಡ್ರಿ ಅತ್ತಿ, ಎಮ್ಮಿಗೆ ಬಾಲ ಬಂತು,” ಎಂದಿದ್ದೆ. ನಾನು ದಾರಿಯುದ್ದಕ್ಕೂ ಕಣ್ಣು ಬಿಟ್ಟುಕೊಂಡು ಹುಡುಕಿದೆ. ಕಾಣಲಿಲ್ಲ. ಇಳಿದು ಚಹಾದಂಗಡಿಯ ಎರ್ರಿಯಪ್ಪ ಎಂಬುವನನ್ನು ಕೇಳಿದೆ.

“ಎಮ್ಮಿ ಬೆನ್ನಿನ ಗುಡ್ಡ ಇತ್ತಲ್ಲಪ, ಅದು ಎಲ್ಲೈತಿ?”

“ಅದು ಲಾರಿ ಹತ್ತಿ ಹೋತಬೇ ಯವ್ವ. ಇಷ್ಟೊತ್ತಿಗೆ ಚೀನಾ ಮುಟ್ಟಿರಬೇಕು,” ಎಂದ.

ಅವನು ತಮಾಷೆಗೇನೂ ಹೇಳಲಿಲ್ಲ. ಅವನ ಬೆರಳು ತೋರಿಸಿದ ಕಡೆ ಕೆಂಪು ಮೆಟ್ಟಿಲುಗಳಂತೆ ಕಡಿದ ನೆಲ, ಅದರ ಮೇಲೆ ಆಕಾಶ. ಆ ಲಾರಿಗಳಲ್ಲಿ ನಮ್ಮವೂ ಇದ್ದವೇನೋ. ಚಹಾ ಕುಡಿಯಲಾಗಲಿಲ್ಲ. ಗುಡ್ಡದಂಥ ಗುಡ್ಡವೇ ಎದ್ದು ಹೋಗಿದೆ, ಮನುಷ್ಯರು ಹೋದದ್ದಕ್ಕೆ ಯಾಕಿಷ್ಟು ಅಳುತ್ತೀ ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ಕೊನೆಯ ಕಂತಿನಲ್ಲಿ ಗಣಿಯ ಯಂತ್ರಗಳು ಅಗೆಯುವಾಗ ಆ ಹಡಗು ಹೊರಬೀಳುತ್ತದೆ. ಹೊರಲೋಕದವರಿಗೆಲ್ಲ ವಾಪಸು ಬರಲು ಕರೆ ಬರುತ್ತದೆ. ಮಿರ್ಚಿಯವನು ಒಲೆ ಆರಿಸುತ್ತಾನೆ, ಕಂಡಕ್ಟರ್ ಟಿಕೆಟ್ಟಿನ ಚೀಲ ಡಿಪೋದಲ್ಲಿಟ್ಟು ಬರುತ್ತಾನೆ. ಚುಕ್ಕವ್ವ ಹೊಸ್ತಿಲಲ್ಲಿ ನಿಂತು, “ಅತ್ತಿ, ನಾ ಹೊಂಟೆ. ನೀವೂ ಬರ್ತೀರೇನು?” ಎನ್ನುತ್ತಾಳೆ. ಕೊನೆಯ ಚಿತ್ರದಲ್ಲಿ ಹಾಲವ್ವನ ಬೆನ್ನು ಮಾತ್ರ ಇದೆ. ಅವಳ ಮಾತು ಇರಬೇಕಾದ ಜಾಗ ಖಾಲಿ. ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದೀ. ಚಿತ್ರದ ಕೆಳಗೆ ಓದುಗರೆಲ್ಲ ಬರೆದು ಕೇಳಿದ್ದಾರೆ, ಹಾಲವ್ವ ಏನಂದಳು, ಹಾಲವ್ವ ಏನಂದಳು ಎಂದು. ಪಂಪಾವತಿಯೂ ಬರೆದಿದ್ದಾಳೆ. ನೀನು ಯಾರಿಗೂ ಉತ್ತರ ಕೊಟ್ಟಿಲ್ಲ.

ನೀನು ಹೊರಟ ದಿನ ಆಟೋದವನು ಹಾರ್ನ್ ಹೊಡೆಯುತ್ತಿದ್ದ, ರೈಲಿಗೆ ಹೊತ್ತಾಗಿತ್ತು, ನಮ್ಮ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅದಕ್ಕೇ ನಿನಗೆ ಹಾಲವ್ವನ ಮಾತು ಬರೆಯಲು ಆಗುತ್ತಿಲ್ಲ ಎಂದುಕೊಂಡಿದ್ದೇನೆ. ಹಾಗಿದ್ದರೆ ನಾನು ಹೇಳುತ್ತೇನೆ, ಬರೆದುಕೊ.

“ಬರಾಕ ಮನಸ್ಸೈತವ್ವ. ಆದ್ರ ನಾನೂ ಬಂದ್ರ, ನೀ ಎಂದರ ಈ ಕಡೆ ಹಾದು ಹೋಗುವಾಗ ನಿನ್ನ ಗುರುತು ಹಿಡಿಯಾಕ ಇಲ್ಲಿ ಯಾರಿರ್ತಾರ? ನೀ ಹೋಗು. ಅಂಜಬ್ಯಾಡ. ಇಷ್ಟು ಮಂದ್ಯಾಗ ಒಬ್ಬಾಕಿಗೆ ಗೊತ್ತೈತಿ, ನೀ ಯಾರು ಅಂತ.”

ಇಷ್ಟು ಸಾಕು. ಅವಳ ಕಣ್ಣಲ್ಲಿ ನೀರು ಬರೆಯಬೇಡ, ಚಂದ ಕಾಣುವುದಿಲ್ಲ. ಕೈಯಲ್ಲಿ ಒಂದು ಗಂಟು ಕೊಡು. ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಪುಡಿ. ಎಷ್ಟು ಲೋಕ ದಾಟಿದರೂ ಕೆಡುವುದಿಲ್ಲ.

ದಸರಾ ರಜೆಗೆ ಬರಬಹುದೇ? ಈ ಮನೆಗೆ ಬೇಡ, ಅದು ನನಗೂ ತಿಳಿಯುತ್ತದೆ. ಕಂಪ್ಲಿಯಲ್ಲಿ ನನ್ನ ತಂಗಿ ವಿರುಪಮ್ಮನ ಮನೆಗೆ ಬಾ, ನಾನೂ ಅಲ್ಲಿಗೆ ಬರುತ್ತೇನೆ. ಹೊಳೆಯ ದಂಡೆಗೆ ಹೋಗಿ ಕೂರೋಣ. ಹೊತ್ತಿಗೆ ಸರಿಯಾಗಿ ಊಟ ಮಾಡು, ನೀನು ಕಲಿಸುವ ಶಾಲೆಯ ಮಕ್ಕಳ ಮೇಲೆ ಸಿಡುಕಬೇಡ, ಕಣ್ಣು ನೋಯುವಷ್ಟು ಬರೆಯಬೇಡ. ನಿನ್ನ ಕೈಗೆ ಬಸವಣ್ಣ ಬಲ ಕೊಡಲಿ. ನಿನ್ನ ಮನಸ್ಸಿಗೆ ನೆರಳು ಸಿಗಲಿ.

ನಿನ್ನ,
ಕೊಟ್ರಬಸಮ್ಮ

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ. ಶಾಂಭವಿಗೆ ಹೆಣ್ಣುಕೂಸು ಆಗಿದೆ. ಹೋದ ತಿಂಗಳು ತೊಟ್ಟಿಲಿಗೆ ಹಾಕಿದೆವು. ವೀರೇಶನಿಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಕಿವಿಯಲ್ಲಿ ಹೆಸರು ಕೂಗಲು ನನ್ನನ್ನೇ ಕೂರಿಸಿದರು. ಏನು ಹೆಸರಪ್ಪಾ ಎಂದೆ. ವೀರೇಶ ಬಗ್ಗಿ ನನಗಷ್ಟೇ ಕೇಳುವಂತೆ “ಇಬ್ಬನಿ” ಎಂದ. ನೀನು ಏಳು ತಿಂಗಳ ಬಸುರಿಯಿದ್ದಾಗ ಆರಿಸಿಟ್ಟ ಹೆಸರು. “ಹೊಸಪ್ಯಾಟಿ ಬಿಸಲಾಗ ಇಬ್ಬನಿ ಎಲ್ಲಿಂದ ಬರಬೇಕವ್ವ?” ಎಂದು ನಾನು ನಿನ್ನನ್ನು ಕಾಡಿಸಿದ್ದೆನಲ್ಲ, ಅದೇ. ಅವನು ಮರೆತು ಇಟ್ಟನೋ, ಮರೆಯಲಾಗದೆ ಇಟ್ಟನೋ, ಮುಖ ನೋಡಿದರೆ ತಿಳಿಯಲಿಲ್ಲ, ಬಾಯಿಬಿಟ್ಟು ಕೇಳುವ ಧೈರ್ಯವೂ ಬರಲಿಲ್ಲ. ಪದ್ಧತಿಯಂತೆ ಹೆಂಗಸರು ಬೆನ್ನಿಗೆ ಗುದ್ದುತ್ತಿದ್ದರು, ಕೂಗಿದೆ. ಶಾಂಭವಿಗೆ ಇದು ಗೊತ್ತಿಲ್ಲ. ಈಗ ಮನೆಯಲ್ಲಿ ದಿನವಿಡೀ ಎಲ್ಲರ ಬಾಯಲ್ಲೂ ಆ ಹೆಸರು. ನನ್ನ ನಾಲಿಗೆ ಮಾತ್ರ ಹೊರಳುವುದಿಲ್ಲ, ಪುಟ್ಟೀ ಎನ್ನುತ್ತೇನೆ. ಕೂಸಿನದೇನು ತಪ್ಪು, ನನ್ನ ದನಿ ಕೇಳಿದರೆ ಕಾಲು ಬಡಿಯುತ್ತದೆ. ಅದು ನಿನ್ನ ಕೂಸಿನ ಹೆಸರು ಕಾವ್ಯ. ನೀನು ಹೂಂ ಅಂದರೆ ಇದನ್ನೂ ಹಾಗೆ ಕರೆಯುತ್ತೇನೆ. ಬೇಡ ಎನಿಸಿದರೆ ಬೇಡ ಎಂದೇ ಬರೆ, ನಾನು ಬದುಕಿರುವ ತನಕ ಪುಟ್ಟೀ ಎಂದೇ ಕರೆದುಕೊಳ್ಳುತ್ತೇನೆ.