ಟೀವಿಗೆ ಹೋದ ಹೊಸ ವೈರು

ರಾಜಗೋಪಾಲನಗರ,
೫ ಡಿಸೆಂಬರ್ ೨೦೨೫, ಶುಕ್ರವಾರ

ನನ್ನ ಲಾವಣ್ಯಾ,

ಹೇಗಿದ್ದೀಯಮ್ಮಾ? ದೊಡ್ಡಬಳ್ಳಾಪುರದಲ್ಲಿ ಚಳಿ ಜೋರಂತೆ, ಬೆಳಿಗ್ಗೆ ಹೊತ್ತು ಕಿವಿಗೆ ಏನಾದರೂ ಕಟ್ಟಿಕೊಂಡೇ ಓಡಾಡು. ತಲೆನೋವು ಬಿಟ್ಟಿತಾ? ನಿಮ್ಮಮ್ಮ ಶ್ಯಾಮಲಾ ಅವರ ಮಂಡಿ ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಲಿ, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ನನಗೇನು ಧಾಡಿ! ನಿನ್ನ ಗಂಡ ರಾಜೇಂದ್ರ ಮಾತ್ರ ಹಾಕಿದ್ದು ತಿಂದು ಪೀಣ್ಯದ ನೇಮ್‌ಪ್ಲೇಟ್ ಪ್ರಿಂಟಿಂಗ್ ಶೆಡ್ಡಿಗೆ ಹೋಗುತ್ತಾನೆ, ಬಂದು ಗೋಡೆ ನೋಡಿಕೊಂಡು ಕೂರುತ್ತಾನೆ. ಫೋನ್ ಇರುವಾಗ ಅತ್ತೆಗೆ ಕಾಗದ ಬರೆಯುವ ಹುಚ್ಚು ಯಾಕೆ ಅನ್ನಬೇಡ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನಿನ್ನೆಯೂ ಅಷ್ಟೆ, ಎಲ್ಲಾ ಹೇಳಿಬಿಡೋಣ ಅಂತ ಫೋನ್ ಮಾಡಿ, ಅಲ್ಲಿ ಅವರೆಕಾಯಿ ಕೇಜಿ ಎಷ್ಟು ಅಂತ ಕೇಳಿ ಇಟ್ಟುಬಿಟ್ಟೆ.

ಸೋಮವಾರದಿಂದ ಗಾರ್ಮೆಂಟ್ಸಿಗೆ ಹೋಗುತ್ತೀಯಂತೆ. ಇನ್ನು ಜನ್ಮದಲ್ಲಿ ಕಂಪ್ಯೂಟರಿನ ಡಿಸೈನ್ ಕೆಲಸ ಮುಟ್ಟಲ್ಲ, ನನ್ನ ಕೈಯಲ್ಲಿ ಅದು ಆಗಲ್ಲ ಅಂದೆಯಂತೆ. ರಾಜೇಂದ್ರ ಹೇಳಿದಾಗ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಅದನ್ನು ನಿಲ್ಲಿಸುವುದಕ್ಕೇ ಈ ಕಾಗದ.

ಮೊನ್ನೆ ಅವನು, ನೀನಿಲ್ಲದ ಮೇಲೆ ನಿನ್ನ ದೊಡ್ಡ ಸ್ಕ್ರೀನ್ ಮನೆಯಲ್ಲಿದ್ದು ಏನು ಮಾಡಬೇಕು ಅಂತ, ಮಾರುವುದಕ್ಕೆ ನಾಗಸಂದ್ರದ ಕಂಪ್ಯೂಟರ್ ರಿಪೇರಿಯ ಹರ್ಷವರ್ಧನನನ್ನು ಕರೆತಂದ. ಅವನು ಅದನ್ನು ಹಾಕಿ, ಏನೇನೋ ಒತ್ತಿ, ಹಿಂದೆ ಬಗ್ಗಿ ನೋಡಿ ನಗತೊಡಗಿದ. "ಏನ್ ಸಾರ್, ಫೋರ್‌ಕೆ ಸ್ಕ್ರೀನ್ ಇಟ್ಕೊಂಡು ಕಾಲು ಭಾಗ ಕ್ಲಾರಿಟೀಲಿ ಪಿಕ್ಚರ್ ನೋಡ್ತಿದ್ದೀರಾ? ಈ ಓಬೀರಾಯನ ಕಾಲದ ವೈರು ಅಷ್ಟನ್ನ ಎಳೆಯಲ್ಲ" ಅಂದ. ತನ್ನ ಬ್ಯಾಗಿನಿಂದ ಬೇರೆ ವೈರು ತೆಗೆದು ಸಿಕ್ಕಿಸಿ, ಸೆಟ್ಟಿಂಗಿಗೆ ಹೋಗಿ, ಎಲ್ಲಕ್ಕಿಂತ ಮೇಲಿದ್ದ ದೊಡ್ಡ ನಂಬರ್ ಒತ್ತಿದ. ಅಕ್ಷರವೆಲ್ಲಾ ಇರುವೆಯಷ್ಟು ಚಿಕ್ಕದಾಯಿತು. ಅದನ್ನೂ ಹದಕ್ಕೆ ತಂದ. ಆಮೇಲೆ ನಿನ್ನ ನೇಮ್‌ಪ್ಲೇಟಿನ ಒಂದು ಹಾಳೆ ತೆರೆದ ನೋಡು, ನನ್ನ ಮುದಿ ಕಣ್ಣಿಗೂ ಪ್ರತಿ ಗೆರೆ, ಪ್ರತಿ ಚುಕ್ಕಿ ಬೇರೆ ಬೇರೆ ಕಂಡಿತು. ನೀನು ಇಡೀ ಹಾಳೆಯನ್ನು ಒಂದೇ ಸಲ ತೆರೆದುಕೊಂಡು, ಕಣ್ಣಾಡಿಸಿ, ಇಲ್ಲಿದೆ ನೋಡಿ ತಪ್ಪು ಅನ್ನುತ್ತಿದ್ದೆಯಲ್ಲ, ಹಾಗೆ.

ಈ ವೈರ್ ಯಾರು ಬದಲಾಯಿಸಿದ್ದು ಅಂತ ಹರ್ಷವರ್ಧನ ಕೇಳಿದ. ನಾನು ಹಾಲು ಉಕ್ಕುತ್ತದೆ ಅಂತ ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಬದಲಾಯಿಸಿದವಳು ನಾನು ಕಣಮ್ಮಾ. ಆಯುಧಪೂಜೆಯ ಹಿಂದಿನ ದಿನ ನೀನು ಹೂವು ತರಲು ಹೋಗಿದ್ದೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಾ ತೊಳೆದಾಯಿತು, ನಿನ್ನ ಕಂಪ್ಯೂಟರ್ ಒಂದು ಧೂಳು ಹೊತ್ತು ಕೂತರೆ ಚೆನ್ನಾಗಿರುತ್ತದಾ ಅಂತ, ಅದರದ್ದೂ ಪಕ್ಕದ ಟೀವಿಯದ್ದೂ ವೈರು ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಇಟ್ಟೆ. ಎರಡು ವೈರಿನ ತಲೆಯೂ ಒಂದೇ ಥರ. ಯಾವುದು ಯಾವುದಕ್ಕೆ ಹೋದರೇನು, ಕೂತಿತಲ್ಲ ಅಂತ ಸಿಕ್ಕಿಸಿದೆ. ಎರಡರಲ್ಲೂ ಬೊಂಬೆ ಬಂತು, ನಾನು ಕೈ ತೊಳೆದುಕೊಂಡೆ. ಅವತ್ತಿನಿಂದ ನಿನ್ನ ಹೊಸ ವೈರಿನಲ್ಲಿ ನಾನು ಧಾರಾವಾಹಿ ನೋಡಿದ್ದೇನೆ. ಸೆಟ್‌ಟಾಪ್ ಬಾಕ್ಸಿನ ಹಳೇ ವೈರಿನಲ್ಲಿ ನೀನು ಕಣ್ಣು ಕಿರಿದು ಮಾಡಿಕೊಂಡು ದುಡಿದಿದ್ದೀಯ.

ಇಷ್ಟೇ ಆಗಿದ್ದರೆ ಗೊತ್ತಿಲ್ಲದೆ ಆದ ತಪ್ಪು ಅಂತ ಸುಮ್ಮನಿರಬಹುದಿತ್ತು. ಹಬ್ಬ ಕಳೆದ ಮೇಲೆ ನೀನು ಕೇಳಿದೆ, "ಅತ್ತೆ, ಸ್ಕ್ರೀನ್ ಯಾಕೋ ಮಂಜಾಗಿದೆ, ವೈರ್ ಏನಾದ್ರೂ ಮುಟ್ಟಿದ್ರಾ?" ಅಂತ. ಒದ್ದೆ ಬಟ್ಟೆ ತಗಲಿಸಬೇಡಿ ಅಂತ ನೀನು ಮೊದಲೇ ಹೇಳಿದ್ದೆ, ಬೈಯುತ್ತೀಯೇನೋ ಅಂತ, "ನಾನ್ಯಾಕಮ್ಮಾ ಮುಟ್ಲಿ ನಿನ್ನ ಸಾಮಾನು" ಅಂದುಬಿಟ್ಟೆ. ನೀನು ನಂಬಿದೆ. ನಂಬಿ ಕಣ್ಣು ತೋರಿಸಿಕೊಂಡು ಬಂದೆ. ಕಣ್ಣು ಚೆನ್ನಾಗಿದೆಯಂತೆ ಅತ್ತೆ ಅಂದಾಗ ನಾನು ಏನಂದೆ? ಕಣ್ಣು ಸರಿಯಿದ್ದರೆ ಗಮನ ಸರಿಯಿಲ್ಲ, ಮೂರು ಹೊತ್ತೂ ಮೊಬೈಲ್ ಉಜ್ಜಿದರೆ ಇನ್ನೇನಾಗುತ್ತೆ ಅಂದೆ. ಆಮೇಲೆ ಆ ಪಂಪ್ ಕಂಪನಿಯ ಪ್ಲೇಟಿನಲ್ಲಿ ಎಂಟು ಇರಬೇಕಾದಲ್ಲಿ ಆರು ಬಿದ್ದು, ಪ್ರಿಂಟ್ ಆದ ಮಾಲೆಲ್ಲಾ ವಾಪಸ್ ಬಂದಾಗ, ಶೆಡ್ಡಿನ ಹುಡುಗರ ಎದುರಿಗೇ ರಾಜೇಂದ್ರ ನಿನ್ನ ಮೇಲೆ ಕೂಗಾಡಿದ. ನೀನು ಮನೆಗೆ ಬಂದು ಬ್ಯಾಗ್ ತುಂಬಿಕೊಂಡೆ. ನಾನು ಬಾಗಿಲಲ್ಲಿ ನಿಂತು, ತವರಲ್ಲಿ ನಾಲ್ಕು ದಿನ ಇದ್ದು ಬಾ, ಬುದ್ಧಿ ಸರಿಹೋಗುತ್ತೆ ಅಂದೆ. ಅಯ್ಯೋ, ನನ್ನ ಬಾಯಿಗೆ ಬೆಂಕಿ ಹಾಕ!

ಸುಳ್ಳು ಹೇಳುವಾಗ ಇದು ಇಷ್ಟು ದೂರ ಹೋಗುತ್ತದೆ ಅಂತ ಗೊತ್ತಿರಲಿಲ್ಲ ತಾಯಿ. ಗೊತ್ತಾದ ಮೇಲೆ ಎರಡು ದಿನದಿಂದ ಟೀವಿ ಹಾಕಿಲ್ಲ. ಹಾಕದಿದ್ದರೆ ನಿನಗೇನು ಬಂತು, ಅದೂ ಗೊತ್ತಿದೆ. ಸ್ಕ್ರೀನ್ ಮಾರಲು ನಾನು ಬಿಡಲಿಲ್ಲ, ಅಲ್ಲೇ ಇದೆ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಇದನ್ನು ಅವರಿಗೂ ಓದಿ ಹೇಳು, ನನಗೆ ನಾಚಿಕೆಯಾದರೆ ಆಗಲಿ. ನಿನಗೆ ಒಳ್ಳೆಯದಾಗಲಿ ಅನ್ನುವುದಕ್ಕೂ ನನಗೆ ಮುಖವಿಲ್ಲ, ಆದರೂ ಅನ್ನುತ್ತೇನೆ.

ನಿನ್ನ ಅತ್ತೆ,
ಮುನಿಯಕ್ಕ

ತಾ.ಕ.: ಒಂದು ವಿಷಯ ಬರೆಯಲು ಕೈ ಬಂದಿರಲಿಲ್ಲ. ಅವತ್ತು ನಾನು ಅಡುಗೆಮನೆಯಲ್ಲಿದ್ದಾಗ, ಇನ್ಯಾರು, ಲಾವಣ್ಯನೇ ಏನೋ ಮಾಡ್ಕೊಂಡಿರ್ತಾಳೆ ಅಂತ ರಾಜೇಂದ್ರ ಹರ್ಷವರ್ಧನನಿಗೆ ಹೇಳಿದ್ದು ಕೇಳಿಸಿತ್ತು. ಹೊರಗೆ ಬಂದು ಅಲ್ಲ ಅನ್ನಲಿಲ್ಲ ನಾನು. ಈ ಕಾಗದ ಕವರಿಗೆ ಹಾಕಿ ಅಂಟಿಸಿದ ಮೇಲೆ ತಡೆಯಲಾಗದೆ, ಹರಿದು ತೆಗೆದು, ಅವನ ಕೈಗೆ ಕೊಟ್ಟು, ನನ್ನ ಎದುರಿಗೇ ಓದಿಸಿದೆ. ನನಗೆ ಒಂದು ಮಾತೂ ಬೈಯಲಿಲ್ಲ. "ಕಣ್ಣು ಚೆನ್ನಾಗಿದೆ ಅಂತ ಅವ್ಳು ಬಂದು ಹೇಳ್ದಾಗ ನಾನೂ ನಂಬ್ಲಿಲ್ವಲ್ಲಮ್ಮಾ" ಅಂದ. ಈಗ ಸ್ಕೂಟರ್ ಹೊರಗೆ ತೆಗೆದು ನಿಂತಿದ್ದಾನೆ, ಕಾಗದ ಅವನೇ ತರುತ್ತಾನಂತೆ. ಅವನ ಜೊತೆ ಬಾ ಅಂತ ನಾನು ಕೇಳುವುದಿಲ್ಲ. ಗಾರ್ಮೆಂಟ್ಸಿಗೆ ಬೇಕಾದರೂ ಹೋಗು, ನಿನ್ನಿಷ್ಟ. ನನಗೆ ಕೆಲಸ ಬರಲ್ಲ ಅಂದುಕೊಂಡು ಮಾತ್ರ ಹೋಗಬೇಡ ಕಣಮ್ಮಾ.